ಗಂಧಯುಕ್ತಿ: ರೋಗಿಯ ಕೋಣೆಯಲ್ಲಿ ಸುಗಂಧ ತೈಲಗಳು



ಗೃಹಸ್ಥರಿಗೆ ನಿತ್ಯೋಪಯೋಗಿಯಾದ ಆರೋಗ್ಯವಿಷಯವೊಂದನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ನಿರೂಪಿಸಬೇಕೆಂಬುದು ಈ ದತ್ತಿ ಉಪನ್ಯಾಸದ ನಿಬಂಧನೆಯೆಂದು ಕಾರ್ಯದರ್ಶಿಗಳು ನನಗೆ ಬರೆದು ತಿಳಿಸಿದಾಗ, ದೀರ್ಘಕಾಲ ಔಷಧಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ನನಗೆ ವಿಷಯಗಳ ಅಭಾವವೇನೂ ತೋರಲಿಲ್ಲ. ಆದರೆ ಆ ಎಲ್ಲ ವಿಷಯಗಳನ್ನೂ ಹಿಂದಕ್ಕೆ ಸರಿಸಿ ನನ್ನ ಕಣ್ಣಮುಂದೆ ಬಂದು ನಿಂತದ್ದು ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದಾನೊಂದು ಕಾಲದಲ್ಲಿದ್ದ ಸಣ್ಣ ಸೀಸೆ. ಅದು ನೀಲಗಿರಿ ತೈಲದ ಸೀಸೆ. ಊಟಿಗೆ ಹೋಗಿದ್ದಾಗ ಅದನ್ನು ಕೊಂಡು ತಂದವನೂ ನಾನೇ, ಮಗುವಿನ ಕೆಮ್ಮಿನ ಔಷಧದ ಪಕ್ಕದಲ್ಲಿ ಇರಿಸಿದವನೂ ನಾನೇ.

ಆಗ ನನ್ನ ತಂಗಿಯ ಮಗಳಿಗೆ ಎರಡು ವರ್ಷ. ಮಳೆಗಾಲದ ಒಂದು ರಾತ್ರಿ, ವಿದ್ಯುತ್ತು ಹೋಗಿ ಮನೆಯೆಲ್ಲ ಕತ್ತಲಾಗಿದ್ದ ವೇಳೆಯಲ್ಲಿ, ಕೆಮ್ಮಿ ಕೆಮ್ಮಿ ಬಳಲಿದ್ದ ಮೊಮ್ಮಗಳಿಗೆ ನನ್ನ ತಾಯಿ ಎರಡೂ ಒಂದೇ ಆಕಾರದವಾಗಿದ್ದ ಸೀಸೆಗಳಲ್ಲಿ ತಪ್ಪಾದದ್ದನ್ನು ಎತ್ತಿಕೊಂಡು, ಬಗ್ಗಿಸಿ, ಒಂದು ಚಮಚ ಕುಡಿಸಿದರು. ಮಗು ಮೊದಲು ಕಿರುಚಿತು. ಆಮೇಲೆ ಒಂದು ಬಗೆಯಾದ ಜೋಂಪು ಹತ್ತಿತು. ಹದಿನೈದು ನಿಮಿಷ ಕಳೆಯುವುದರೊಳಗೆ ಅದರ ಕೈಕಾಲುಗಳು ಸೆಟೆದು ಫಿಟ್ಸ್ ಬಂದಿತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು, ದೈವಾನುಗ್ರಹದಿಂದಲೂ ವೈದ್ಯರ ದಕ್ಷತೆಯಿಂದಲೂ, ಮಗು ನಗುನಗುತ್ತ ಮನೆಗೆ ಮರಳಿತು. ನನ್ನ ತಾಯಿ ಮಾತ್ರ ತಮ್ಮ ಆಯುಷ್ಯದ ಕಡೆಯವರೆಗೂ ಆ ಕೈಯನ್ನು ಕ್ಷಮಿಸಲಿಲ್ಲ. ವಿಷದ್ರವ್ಯಗಳ ಪ್ರಮಾಣವನ್ನು ತರಗತಿಯಲ್ಲಿ ಬೋಧಿಸುತ್ತಿದ್ದ ನಾನು ಅದನ್ನು ನನ್ನ ಮನೆಯ ಗೂಡಿನವರೆಗೆ ತಲುಪಿಸಿರಲಿಲ್ಲವೆಂಬ ಸತ್ಯವೇ ಇಂದು ನನ್ನನ್ನು ತಮ್ಮೆದುರಿಗೆ ನಿಲ್ಲಿಸಿರುವ ಪ್ರೇರಣೆಯಾಗಿದೆ.

ಪರಿಮಳ ದ್ರವ್ಯಗಳನ್ನು ಕೂಡಿಸುವ ಕಲೆಗೆ ನಮ್ಮ ಪೂರ್ವಿಕರು ಇಟ್ಟ ಹೆಸರು ಗಂಧಯುಕ್ತಿ. 6ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, 16 ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿ ಕೂಡಿಸಿದರೆ 1820 ಬಗೆಯ ಮಿಶ್ರಣಗಳಾಗುವುವೆಂದು ಗಣಿಸಿ ಹೇಳಿದನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ವಿಲೇಪನ, ಧೂಪಾದಿಗಳಿಗೆ ರಾಜಭೋಗಗಳ ನಡುವೆ ಗೌರವದ ಸ್ಥಾನವುಂಟು. ಯುಕ್ತಿಯೆಂಬ ಪದಕ್ಕೆ ಕೂಡಿಸುವುದೆಂಬ ಅರ್ಥ ಹೇಗೋ, ಹಾಗೆಯೇ ವಿವೇಚನೆಯೆಂಬ ಅರ್ಥವೂ ಇದೆ. ಚರಕಸಂಹಿತೆಯು ಆಹಾರೌಷಧಗಳನ್ನು ವಿವೇಚಿಸಿ ಯೋಜಿಸುವ ಚಿಕಿತ್ಸೆಯನ್ನು ಯುಕ್ತಿವ್ಯಪಾಶ್ರಯವೆಂದು ಕರೆದದ್ದು ಈ ಎರಡನೆಯ ಅರ್ಥದಲ್ಲಿ. ಅರಮನೆಯ ಭೋಗಕ್ಕೆ ಮೊದಲನೆಯ ಯುಕ್ತಿ ಸಾಕಾಗಿದ್ದಿರಬಹುದು. ರೋಗಿಯ ಹಾಸಿಗೆಯ ಬಳಿಗೆ ಸುಗಂಧವನ್ನು ಒಯ್ಯುವವನಿಗೆ ಎರಡನೆಯದೇ ಮುಖ್ಯವಾಗತಕ್ಕದ್ದು. ಇಂದಿನ ನನ್ನ ಮಾತಿನ ಸಾರವೆಲ್ಲ ಇಷ್ಟೇ.

ಮೊದಲು ಸುಗಂಧ ತೈಲವೆಂಬ ಈ ವಸ್ತುವಿನ ಸ್ವರೂಪವನ್ನು ನೋಡೋಣ. ತೈಲವೆಂದು ಕರೆಯುವುದರಿಂದಲೇ ಅರ್ಧ ತಪ್ಪು ಹುಟ್ಟುತ್ತದೆ. ಎಳ್ಳೆಣ್ಣೆ, ಕೊಬ್ಬರಿ ಎಣ್ಣೆಗಳು ಬೀಜದ, ಕಾಯಿಯ ಜಿಡ್ಡು; ಕಾಗದದ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ. ಸುಗಂಧ ತೈಲವಾದರೋ ಎಲೆ, ಹೂ, ತೊಗಟೆ, ಕಾಷ್ಠಗಳಲ್ಲಿ ಅಡಗಿರುವ ಬಾಷ್ಪಶೀಲವಾದ ಸಾರ. ಅದು ಬಹುಮಟ್ಟಿಗೆ ಕಲೆಯುಳಿಸದೆ ಹಾರಿಹೋಗುತ್ತದೆ. ನೀರಿನ ಆವಿಯನ್ನು ಹಾಯಿಸಿ, ಆ ಆವಿಯನ್ನು ತಣಿಸಿ, ಸಾಮಾನ್ಯವಾಗಿ ಮೇಲೆ ತೇಲುವ ಸಾರವನ್ನು ಬೇರ್ಪಡಿಸುವುದೇ ಭಟ್ಟಿಯಿಳಿಸುವ ವಿಧಾನ. ಕನ್ನಡನಾಡಿಗೆ ಇದರ ಪರಿಚಯ ಹೊಸದಲ್ಲ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಗಿ ಮೈಸೂರಿನ ಶ್ರೀಗಂಧದ ಕೊರಡುಗಳು ಯೂರೋಪಿಗೆ ಹೋಗುವುದು ನಿಂತುಹೋದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಗಳನ್ನು ಆಧಾರವಾಗಿಟ್ಟುಕೊಂಡು, 1916ರಲ್ಲಿ ಗಂಧದೆಣ್ಣೆಯ ಉದ್ಯಮವು ಸಂಸ್ಥಾನದಲ್ಲಿಯೇ ತಲೆಯೆತ್ತಿತು.

ಶ್ರೀಗಂಧದ ನೂರು ಕಿಲೋ ಚೇಗಿನಿಂದ ಸುಮಾರು ನಾಲ್ಕರಿಂದ ಆರು ಕಿಲೋ ಎಣ್ಣೆ ಬರುತ್ತದೆ. ಒಂದು ಕಿಲೋ ಗುಲಾಬಿಯೆಣ್ಣೆಗೆ ಕೆಲವು ಸಾವಿರ ಕಿಲೋ ದಳಗಳು ಬೇಕು. ತೊಟ್ಟೊಂದರಲ್ಲಿ ಎಷ್ಟು ಎಲೆ, ಎಷ್ಟು ಹೂ ಅಡಕವಾಗಿರುವುದೆಂಬುದನ್ನು ಇದರಿಂದಲೇ ಊಹಿಸಿಕೊಳ್ಳಬಹುದು. ಅಜ್ಜಿ ನಾಲ್ಕು ದಳ ತುಳಸಿಯನ್ನು ಕುದಿಸಿ ಕೊಟ್ಟ ಕಷಾಯದ ಅನುಭವವನ್ನು ತುಳಸಿಯ ಎಣ್ಣೆಗೆ ಅನ್ವಯಿಸುವುದು, ಹುಗ್ಗಿಗೆ ಹಾಕುವ ಎರಡು ಲವಂಗದ ನಿರಪಾಯವನ್ನು ಲವಂಗದೆಣ್ಣೆಯ ಚಮಚಕ್ಕೆ ಆರೋಪಿಸುವುದು, ಎರಡೂ ಒಂದೇ ಪ್ರಮಾದ. ನಿಸರ್ಗದಿಂದ ಬಂದದ್ದೆಂಬ ಮಾತು ಇಲ್ಲಿ ಅಭಯವಲ್ಲ. ಏತಕ್ಕೆಂದರೆ ನಿಸರ್ಗವು ಎಲೆಯಲ್ಲಿ ಇಟ್ಟ ಪ್ರಮಾಣವನ್ನು ಭಟ್ಟಿಯು ಉಳಿಸಿರುವುದಿಲ್ಲ.

ಹಾಗಾದರೆ ಈ ತೈಲಗಳಿಂದ ರೋಗಿಗೆ ಉಪಕಾರವೇ ಇಲ್ಲವೇ ಎಂದು ತಾವು ಕೇಳಬಹುದು. ಉಪಕಾರವುಂಟು, ಅದರ ಎಲ್ಲೆಯನ್ನು ಅರಿತಿರಬೇಕು. ಲವಂಗದೆಣ್ಣೆಯ ಯೂಜಿನಾಲ್ ಎಂಬ ಅಂಶವು ಹಲ್ಲುನೋವನ್ನು ಮರಗಟ್ಟಿಸುತ್ತದೆ. ದಂತವೈದ್ಯರು ಇಂದಿಗೂ ಅದನ್ನು ಸತುವಿನ ಆಕ್ಸೈಡಿನೊಡನೆ ಕಲಸಿ ಹಲ್ಲಿನ ಕುಳಿಗೆ ತುಂಬುವುದುಂಟು. ಪುದೀನೆಣ್ಣೆಯನ್ನು ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಮಾತ್ರ ಕರಗುವ ಕ್ಯಾಪ್ಸೂಲುಗಳಲ್ಲಿ ಅಡಕಮಾಡಿ ಕರುಳಿನ ಸೆಳೆತಕ್ಕೆ ವೈದ್ಯರು ಕೊಡುವುದುಂಟು. ಲ್ಯಾವೆಂಡರಿನ ಮೃದುವಾದ ಪರಿಮಳದಿಂದ ಕಳವಳಗೊಂಡ ಮನಸ್ಸಿಗೆ ಸ್ವಲ್ಪ ಸಮಾಧಾನವಾಗುವುದನ್ನು ನಾವು ಕಾಣುತ್ತೇವೆ. ಆದರೆ ಇವು ಉಪಶಮನಗಳು. ನಮ್ಮ ಶ್ರೀಗಂಧದೆಣ್ಣೆಯನ್ನೇ ಒಂದು ಕಾಲದಲ್ಲಿ ಮೂತ್ರನಾಳದ ಗೊನೋರಿಯಾ ರೋಗಕ್ಕೆ ಪಾಶ್ಚಾತ್ಯ ವೈದ್ಯರು ಹೊಟ್ಟೆಗೆ ಕೊಡುತ್ತಿದ್ದರು. ಪೆನಿಸಿಲಿನ್ ಬಂದ ಮೇಲೆ ಆ ಚಿಕಿತ್ಸೆ ತಾನಾಗಿ ಹಿಂದೆ ಸರಿಯಿತು. ಹಾಗೆ ಸರಿದದ್ದರಿಂದ ಗಂಧಕ್ಕೇನೂ ಅಪಮಾನವಾಗಲಿಲ್ಲ. ಅದು ತನ್ನ ಸ್ಥಾನವನ್ನು ಕಂಡುಕೊಂಡಿತು.

ಉಪಶಮನವನ್ನು ಗುಣವೆಂದು ಭ್ರಮಿಸುವುದರಿಂದ ಎಂತಹ ಹಾನಿಯುಂಟಾಗಬಹುದೆಂಬುದಕ್ಕೆ ನೆಗಡಿಯ ಉದಾಹರಣೆಯೊಂದೇ ಸಾಕು. ಪುದೀನ ಸತ್ತ್ವವಾದ ಮೆಂಥಾಲನ್ನು ಮೂಸಿದೊಡನೆ ಕಟ್ಟಿದ ಮೂಗು ಬಿಟ್ಟಂತಾಗುತ್ತದೆ. ವಾಸ್ತವವಾಗಿ ಅದು ಮೂಗಿನೊಳಗಿನ ತಂಪನ್ನು ಅರಿಯುವ ನರಗಳನ್ನು ಎಚ್ಚರಿಸುತ್ತದೆಯೇ ಹೊರತು, ಗಾಳಿಯ ದಾರಿಯನ್ನು ಅಗಲಿಸುವುದಿಲ್ಲ; ಅಳತೆಯ ಉಪಕರಣಗಳಿಂದ ಪರೀಕ್ಷಿಸಿದಾಗ ಮೂಗಿನ ಅಡಚಣೆ ಇದ್ದಷ್ಟೇ ಇರುವುದು ಕಂಡುಬಂದಿದೆ. ಸಾಮಾನ್ಯ ನೆಗಡಿಯಲ್ಲಿ ಈ ಭಾವನೆ ಒಂದು ಅನುಗ್ರಹ. ಆದರೆ 2021ರ ಬೇಸಿಗೆಯಲ್ಲಿ, ಕೊರೋನಾ ಪಿಡುಗು ಉಲ್ಬಣಿಸಿ ಪ್ರಾಣವಾಯುವಿಗಾಗಿ ಜನ ಊರೂರು ಅಲೆಯುತ್ತಿದ್ದಾಗ, ಕರ್ಪೂರ, ಓಮ, ಲವಂಗಗಳನ್ನು ನೀಲಗಿರಿ ತೈಲದಲ್ಲಿ ನೆನೆಸಿ ಗಂಟುಕಟ್ಟಿ ಮೂಸಿದರೆ ರಕ್ತದಲ್ಲಿ ಆಮ್ಲಜನಕ ಏರುವುದೆಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಅದು ಏರುವುದಿಲ್ಲ. ಹಾಯಾದ ಉಸಿರಿನ ಭಾಸವು, ಆಸ್ಪತ್ರೆಗೆ ಹೊರಡಬೇಕಾಗಿದ್ದವನನ್ನು ಮನೆಯಲ್ಲಿಯೇ ಕೂರಿಸಿದರೆ, ಆ ಹಾಯೇ ಶತ್ರುವಾಗುತ್ತದೆ. ಉಸಿರಾಟ ತೊಡಕಾದಾಗ, ಜ್ವರ ಇಳಿಯದಿದ್ದಾಗ, ಎದೆ ಒತ್ತಿದಾಗ, ಪರಿಮಳವನ್ನು ಹುಡುಕುವ ಸಮಯ ಮೀರಿರುತ್ತದೆ. ಆಗ ವೈದ್ಯರನ್ನೇ ಕಾಣತಕ್ಕದ್ದು.

ಇನ್ನು ಮಿಶ್ರಣಗಳ ಮಾತು. ಕರ್ಪೂರ, ಪುದೀನ ಹೂ, ಓಮದ ಹೂ ಎಂಬ ಮೂರು ಘನವಸ್ತುಗಳನ್ನು ಸಮಭಾಗವಾಗಿ ಒಂದು ಸೀಸೆಯಲ್ಲಿ ಹಾಕಿ ಮುಚ್ಚಿಟ್ಟರೆ, ಬೆಂಕಿಯ ಸಹಾಯವಿಲ್ಲದೆಯೇ ಮೂರೂ ಕರಗಿ ದ್ರವವಾಗುವುವು. ಅಮೃತಧಾರೆಯೆಂಬ ಹೆಸರಿನಿಂದ ಇದು ಎಷ್ಟೋ ಮನೆಗಳಲ್ಲಿದೆ. ನೋಡುವವರಿಗೆ ಇದೊಂದು ವಿಸ್ಮಯ. ಮೂರೂ ಒಂದಾಗಿ ಹೊಸದೊಂದು ಸೌಮ್ಯ ವಸ್ತುವಾಯಿತೆಂದು ಭಾವಿಸಬಾರದು. ಮೂರರ ಕರಗುವ ಬಿಂದು ಪರಸ್ಪರ ಸಂಗದಿಂದ ಕೆಳಗಿಳಿಯಿತಷ್ಟೆ, ಕರ್ಪೂರದ ಉಗ್ರತೆ ಕರ್ಪೂರದ್ದಾಗಿಯೇ ಉಳಿಯಿತು. ಆ ಉಗ್ರತೆಯನ್ನು ನಾವು ಮರೆಯುವಂತಿಲ್ಲ: ಕರ್ಪೂರ ಹೊಟ್ಟೆಗೆ ಹೋದರೆ ನಿಮಿಷಗಳಲ್ಲಿ ಮೆದುಳನ್ನು ಮುಟ್ಟಿ ಅಪಸ್ಮಾರದಂತಹ ಸೆಳೆತವನ್ನು ತರಬಲ್ಲದು, ಒಂದು ಗ್ರಾಮಿನಷ್ಟು ಪ್ರಮಾಣವೇ ಮಗುವಿನ ಪ್ರಾಣಕ್ಕೆ ಎರವಾದದ್ದುಂಟು. ಅಮೆರಿಕದಲ್ಲಿ ಔಷಧ ನಿಯಂತ್ರಣಾಧಿಕಾರಿಗಳು ಮೈಗೆ ಹಚ್ಚುವ ಔಷಧಗಳಲ್ಲಿ ಕರ್ಪೂರ 100ಕ್ಕೆ 11 ಭಾಗವನ್ನು ಮೀರಕೂಡದೆಂದು ಕಟ್ಟುಮಾಡಿದ್ದು ಇದೇ ಕಾರಣದಿಂದ. ನೀಲಗಿರಿ ಮತ್ತು ಕರ್ಪೂರಗಳ ಬಳಕೆಯಿಂದ ವಯಸ್ಕರಲ್ಲಿಯೂ ಫಿಟ್ಸ್ ಕಾಣಿಸಿಕೊಳ್ಳುವುದನ್ನು ಬೆಂಗಳೂರಿನ ನರರೋಗತಜ್ಞರು ಗುರುತಿಸಿ ವೈದ್ಯಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ. ಅಪಸ್ಮಾರವಿರುವವರು ಈ ಎರಡರಿಂದಲೂ, ಅವು ಸೇರಿದ ಮುಲಾಮುಗಳಿಂದಲೂ, ದೂರವಿರುವುದೇ ಕ್ಷೇಮ.

ಮಿಶ್ರಣದಲ್ಲಿ ಮತ್ತೊಂದು ಮೋಸವುಂಟು. ಅದನ್ನು ಯಾರೂ ಉದ್ದೇಶಪೂರ್ವಕವಾಗಿ ಮಾಡುವುದಿಲ್ಲ. ಜ್ವರಬಂದ ಹುಡುಗನಿಗೆ ತಾಯಿ ಹಣೆಗೆ ಮುಲಾಮು ತಿಕ್ಕುತ್ತಾಳೆ. ಅಜ್ಜಿ ಕರ್ಪೂರ ಕರಗಿಸಿದ ಕೊಬ್ಬರಿ ಎಣ್ಣೆಯನ್ನು ಎದೆಗೆ ಸವರುತ್ತಾಳೆ. ಅಣ್ಣ ಕರವಸ್ತ್ರಕ್ಕೆ ನೀಲಗಿರಿ ತೈಲ ಹಾಕಿ ದಿಂಬಿನಡಿಗಿಡುತ್ತಾನೆ. ರಾತ್ರಿ ತಂದೆ ಗೋಡೆಯ ಪ್ಲಗ್ಗಿಗೆ ಪರಿಮಳದ ಯಂತ್ರವನ್ನು ಸಿಕ್ಕಿಸುತ್ತಾನೆ. ಒಬ್ಬೊಬ್ಬರ ಲೆಕ್ಕದಲ್ಲಿಯೂ ತಾವು ಹಾಕಿದ್ದು ಸ್ವಲ್ಪವೇ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ಹುಡುಗನ ದೇಹವೊಂದೇ ನಾಲ್ವರ ಸ್ವಲ್ಪವನ್ನೂ ಹೊರಬೇಕಾಗಿದೆ. ಆದಕಾರಣ ರೋಗಿಯ ಶುಶ್ರೂಷೆಯಲ್ಲಿ ಸುಗಂಧದ ಲೆಕ್ಕವನ್ನು ಒಬ್ಬರೇ ಇಡಬೇಕು. ಒಂದು ವೇಳೆಗೆ ಒಂದು ವಿಧಾನ ಸಾಕು.

ಚರ್ಮಕ್ಕೆ ಹಚ್ಚುವುದಾದರೆ ಅಚ್ಚ ತೈಲ ಸಲ್ಲದು. ಸುಮಾರು 20 ತೊಟ್ಟಿಗೆ ಒಂದು ಮಿಲಿಲೀಟರೆಂದು ಹಿಡಿದರೆ, 30 ಮಿಲಿಲೀಟರ್ ಕೊಬ್ಬರಿ ಎಣ್ಣೆಗೋ ಎಳ್ಳೆಣ್ಣೆಗೋ 6 ತೊಟ್ಟು ಬೆರೆಸಿದಾಗ ಮಿಶ್ರಣದ ಬಲ ನೂರಕ್ಕೆ ಒಂದರಷ್ಟಾಗುತ್ತದೆ. ಬಲಹೀನನಾದ ರೋಗಿಗೂ ವೃದ್ಧರಿಗೂ ಅದರ ಅರ್ಧ, ಎಂದರೆ 3 ತೊಟ್ಟು ಸಾಕು. ಮೂರು ತೈಲಗಳನ್ನು ಕೂಡಿಸಿದ ಮಿಶ್ರಣವಾದರೆ ಮೂರೂ ಸೇರಿ ಆ ಸಂಖ್ಯೆಯಾಗಬೇಕು, ಒಂದೊಂದೂ ಅಷ್ಟಷ್ಟಲ್ಲ. ಮೊದಲು ಮುಂಗೈಯ ಒಳಭಾಗದಲ್ಲಿ ಸವರಿ ಒಂದು ದಿನ ಕಾದು, ಕೆಂಪೇರಿಕೆ, ನವೆಗಳಿಲ್ಲದಿದ್ದರೆ ಮಾತ್ರ ಮುಂದುವರಿಯತಕ್ಕದ್ದು. ಸ್ನಾನದ ನೀರಿಗೆ ನೇರವಾಗಿ ಹಾಕಿದ ತೈಲ ಬೆರೆಯದೆ ಮೇಲೆ ತೇಲಿ, ಅಚ್ಚ ರೂಪದಲ್ಲಿಯೇ ಮೈಗಂಟಿ ಉರಿಸುತ್ತದೆ. ನಿಂಬೆಯ ಜಾತಿಯ ಕೆಲವು ತೈಲಗಳನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುವುದುಂಟು. ಹಳೆಯದಾಗಿ ಗಾಳಿ ಸೋಕಿದ ತೈಲವು ಹೊಸದಕ್ಕಿಂತ ಹೆಚ್ಚಾಗಿ ಚರ್ಮವನ್ನು ಕೆರಳಿಸುತ್ತದೆ. ಬಣ್ಣದ ಗಾಜಿನ ಸೀಸೆಯಲ್ಲಿ, ಬಿಗಿಯಾದ ಮುಚ್ಚಳದೊಡನೆ, ತಂಪಿನಲ್ಲಿಟ್ಟು, ತೆರೆದ ದಿನಾಂಕವನ್ನು ಮೇಲೆ ಬರೆದಿಡುವ ಅಭ್ಯಾಸ ಒಳ್ಳೆಯದು.

ಊಟಿಯ ಅಂಗಡಿಗಳಲ್ಲಿ ನೀಲಗಿರಿ ತೈಲದ ಜೊತೆಗೇ ಮಾರುವ ವಿಂಟರ್‌ಗ್ರೀನ್ ಎಣ್ಣೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ಬಹುತೇಕ ಮಿಥೈಲ್ ಸ್ಯಾಲಿಸಿಲೇಟೇ ಆಗಿದ್ದು, ಅದರ 5 ಮಿಲಿಲೀಟರಿನಲ್ಲಿ ಸುಮಾರು 7 ಗ್ರಾಮ್ ಆಸ್ಪಿರಿನ್ನಿಗೆ ಸಮನಾದ ಶಕ್ತಿಯಿದೆ. ಎಂದರೆ ಇಪ್ಪತ್ತಕ್ಕೆ ಕಡಮೆಯಿಲ್ಲದ ಪೂರ್ಣ ಪ್ರಮಾಣದ ಮಾತ್ರೆಗಳು ಒಂದು ಚಮಚದಲ್ಲಿ! ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿರುವ ಹೃದ್ರೋಗಿಯು ಮಂಡಿನೋವಿಗೆಂದು ಇದನ್ನು ಧಾರಾಳವಾಗಿ ತಿಕ್ಕಿಕೊಂಡರೆ, ಚರ್ಮದ ಮೂಲಕವೇ ಒಳಸೇರಿ ರಕ್ತಸ್ರಾವಕ್ಕೆ ದಾರಿಯಾಗಬಹುದು. ಯಾವ ಮಾತ್ರೆಯನ್ನು ನುಂಗುತ್ತೀರೆಂದು ವೈದ್ಯರು ಕೇಳಿದಾಗ, ಯಾವ ಎಣ್ಣೆಯನ್ನು ಹಚ್ಚುತ್ತೀರೆಂಬುದನ್ನೂ ಹೇಳುವುದು ರೋಗಿಯ ಕರ್ತವ್ಯ.

ಮೂಗಿನ ದಾರಿಯ ವಿಚಾರದಲ್ಲಿ ಕೆಲವು ನಿಷೇಧಗಳನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಎರಡು ವರ್ಷ ತುಂಬದ ಮಗುವಿನ ಮುಖದ ಬಳಿ ಕರ್ಪೂರ, ಮೆಂಥಾಲ್, ನೀಲಗಿರಿಗಳನ್ನು ತರಲೇಕೂಡದು; ಆ ಎಳೆಯ ಗಂಟಲು ಇದ್ದಕ್ಕಿದ್ದಂತೆ ಬಿಗಿದು ಉಸಿರು ನಿಲ್ಲಬಹುದು. ಆಸ್ತಮಾ ಇರುವವರಿಗೆ ಪರಿಮಳವೇ ಉಬ್ಬಸವನ್ನೆಬ್ಬಿಸಬಹುದು. ನೆಬ್ಯುಲೈಜರ್ ಯಂತ್ರದೊಳಗೆ ವೈದ್ಯರು ಬರೆದುಕೊಟ್ಟ ದ್ರವದ ಹೊರತು ಒಂದು ತೊಟ್ಟು ತೈಲವೂ ಬೀಳಬಾರದು. ಆಮ್ಲಜನಕದ ಸಿಲಿಂಡರೋ ಯಂತ್ರವೋ ಇರುವ ಕೋಣೆಯಲ್ಲಿ ಸುಲಭವಾಗಿ ಹೊತ್ತಿಕೊಳ್ಳುವ ಈ ತೈಲಗಳೂ, ಉರಿಯುವ ಕರ್ಪೂರವೂ, ಊದುಬತ್ತಿಯೂ ಇರಕೂಡದು. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಕೂಡದು. ಆವಿ ತೆಗೆದುಕೊಳ್ಳುವಾಗ ಕುದಿನೀರಿನ ಪಾತ್ರೆ ಮಗುಚಿ ತೊಡೆ ಬೆಂದವರು ಅನೇಕರು. ಪಾತ್ರೆ ಮೇಜಿನ ಮೇಲೆ ಸ್ಥಿರವಾಗಿರಲಿ, ನೀರು ಒಲೆಯಿಂದಿಳಿದು ಕೆಲವು ನಿಮಿಷವಾಗಿರಲಿ, ಮಕ್ಕಳಿಗೆ ಈ ಉಪಚಾರವೇ ಬೇಡ. ಬೆಳೆದವರಿಗೂ ಒಂದೆರಡು ತೊಟ್ಟು ಸಾಕು, ಕಣ್ಣು ಮುಚ್ಚಿರಬೇಕು. ಬರಿಯ ನೀರಿನ ಆವಿಯೇ ಎಷ್ಟೋ ವೇಳೆ ಸಾಕಾಗುತ್ತದೆ.

ಗಾಳಿಗೆ ಸಿಂಪಡಿಸುವ ಪರಿಮಳ ಜಲಗಳ ವಿಷಯದಲ್ಲಿ 2021ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಘಟನೆಯನ್ನು ಹೇಳಬೇಕು. ಪರಸ್ಪರ ದೂರದ ನಾಲ್ಕು ರಾಜ್ಯಗಳಲ್ಲಿ, ಪರದೇಶಕ್ಕೆ ಎಂದೂ ಹೋಗಿಬಾರದ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಎಂಬ ಉಷ್ಣದೇಶದ ಸೋಂಕು ತಗುಲಿ, ಇಬ್ಬರು ಮರಣಹೊಂದಿದರು. ತನಿಖೆಮಾಡಿದ ಅಧಿಕಾರಿಗಳಿಗೆ ಆ ರೋಗಾಣು ಸಿಕ್ಕಿದ್ದು ಲ್ಯಾವೆಂಡರ್ ಮತ್ತು ಕ್ಯಾಮೊಮೈಲ್ ಪರಿಮಳದ, ಭಾರತದಲ್ಲಿ ತಯಾರಾದ ಕೋಣೆಯ ಸಿಂಪಡಿಕೆಯ ಸೀಸೆಯೊಂದರಲ್ಲಿ. ಆ ರೋಗ ನಮ್ಮ ಕರಾವಳಿಯ ವೈದ್ಯರಿಗೂ ಅಪರಿಚಿತವಲ್ಲ. ಸುವಾಸನೆಯಿದ್ದಲ್ಲಿ ಶುದ್ಧಿಯಿದೆಯೆಂಬುದು ನಮ್ಮ ಸಂಸ್ಕಾರದಲ್ಲಿ ಆಳವಾಗಿ ಬೇರೂರಿದ ನಂಬಿಕೆ. ಆದರೆ ನೀರಿನಲ್ಲಿ ಒಂದಿಷ್ಟು ಪರಿಮಳ ಬೆರೆತಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ. ರೋಗಿಯ ಕೋಣೆಯನ್ನು ಶುದ್ಧಗೊಳಿಸುವುದು ಸಾಬೂನು, ಬಿಸಿಲು, ತೆರೆದ ಕಿಟಕಿ.

ಇಷ್ಟಾಗಿಯೂ ಅಪಘಾತ ಸಂಭವಿಸಿದರೆ ಏನು ಮಾಡಬೇಕು? ನುಂಗಿದವರಿಗೆ ವಾಂತಿ ಮಾಡಿಸಲೇಬಾರದು. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳಿಡುವುದು ನಮ್ಮ ಕಡೆಯ ವಾಡಿಕೆಯಾದರೂ, ಮೇಲಕ್ಕೆ ಬಂದ ತೈಲವು ಶ್ವಾಸಕೋಶಕ್ಕಿಳಿದರೆ ಹೊಟ್ಟೆಯಲ್ಲಿದ್ದದ್ದಕ್ಕಿಂತ ಹೆಚ್ಚಿನ ಅನಾಹುತವಾದೀತು. ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಕಾಯುತ್ತ ಕೂರದೆ, ಸೀಸೆಯನ್ನೂ ಜೊತೆಗೆ ತೆಗೆದುಕೊಂಡು ಆ ಕ್ಷಣವೇ ಆಸ್ಪತ್ರೆಗೆ ಹೊರಡತಕ್ಕದ್ದು. ಕಣ್ಣಿಗೆ ಸಿಡಿದರೆ ಶುದ್ಧವಾದ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆದು ವೈದ್ಯರಿಗೆ ತೋರಿಸಬೇಕು.

ರೋಗಿಯ ಇಚ್ಛೆಯ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಈ ಉಪನ್ಯಾಸ ಅಪೂರ್ಣವಾದೀತು. ಆರೋಗ್ಯವಂತನಿಗೆ ಹಿತವಾದ ಮಲ್ಲಿಗೆ ವಾಕರಿಕೆಯಿಂದ ಬಳಲುತ್ತಿರುವವನಿಗೆ ಹಿಂಸೆಯಾಗಬಹುದು. ಕ್ಯಾನ್ಸರಿನ ಚಿಕಿತ್ಸೆ ಪಡೆಯುತ್ತಿರುವವರಲ್ಲಿ ಅನೇಕರು ತಮ್ಮ ಅಚ್ಚುಮೆಚ್ಚಿನ ಪರಿಮಳವನ್ನೇ ಸಹಿಸಲಾರದವರಾಗುತ್ತಾರೆ. ಹಾಸಿಗೆ ಹಿಡಿದವನು ಕಣ್ಣು ಮುಚ್ಚಿ ನೋಟವನ್ನು ತಡೆಯಬಲ್ಲನು, ಉಸಿರನ್ನು ತಡೆಯಲಾರನು. ಆದುದರಿಂದ ಅವನನ್ನು ಕೇಳಿ, ಅವನು ಬೇಡವೆಂದರೆ ಮರುಮಾತಿಲ್ಲದೆ ತೆಗೆದುಬಿಡುವುದು ಶುಶ್ರೂಷೆಯ ಧರ್ಮ.

ಕೊನೆಯದಾಗಿ, ನಮ್ಮ ಮನೆಯ ಆ ಸೀಸೆಯ ಮುಂದಿನ ಕಥೆ. 2021ರಲ್ಲಿ ಕೊರೋನಾ ಕಾಯಿಲೆಯಿಂದ ಚೇತರಿಸಿಕೊಂಡ ನನ್ನ ಪತ್ನಿಗೆ ಘ್ರಾಣಶಕ್ತಿ ಪೂರ್ತಿಯಾಗಿ ಹೋಗಿತ್ತು. ಒಗ್ಗರಣೆ ಸೀದರೂ ತಿಳಿಯುತ್ತಿರಲಿಲ್ಲ, ದೇವರ ಮುಂದೆ ಕುಳಿತರೂ ಹೂವಿನ ಪರಿಮಳವಿಲ್ಲದೆ ಪೂಜೆ ಮಾಡಿದಂತೆಯೇ ಆಗುತ್ತಿಲ್ಲವೆಂದು ಅವಳು ಕಣ್ಣೀರಿಡುತ್ತಿದ್ದಳು. ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹಮ್ಮೆಲ್ ಎಂಬ ವೈದ್ಯರು ತಮ್ಮ ಸಹೋದ್ಯೋಗಿಗಳೊಡನೆ 2009ರಲ್ಲಿ ಪ್ರಕಟಿಸಿದ ಒಂದು ಅಭ್ಯಾಸಕ್ರಮವುಂಟು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಂಬ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಬಾರಿ, 12 ವಾರಗಳ ಕಾಲ, ಮನಸ್ಸಿಟ್ಟು ಮೂಸುವುದು. ನುಂಗುವುದಿಲ್ಲ, ಹಚ್ಚುವುದಿಲ್ಲ, ಮುಚ್ಚಳ ತೆಗೆದು ಕೆಲವು ಕ್ಷಣ ಮೂಸಿ ಮತ್ತೆ ಮುಚ್ಚುವುದು ಅಷ್ಟೆ. ನಮ್ಮ ವೈದ್ಯರು ಇದಕ್ಕೆ ಒಪ್ಪಿಗೆಯಿತ್ತಾಗ ನಾಲ್ಕು ಸೀಸೆಗಳನ್ನು ಸಿದ್ಧಪಡಿಸಿದವಳು ನನ್ನ ಸೋದರಸೊಸೆ. ಎರಡನೆಯ ವಯಸ್ಸಿನಲ್ಲಿ ಒಂದು ಚಮಚ ನೀಲಗಿರಿ ತೈಲದಿಂದ ಪ್ರಾಣಾಪಾಯಕ್ಕೆ ಸಿಕ್ಕಿದ್ದ ಅದೇ ಮಗು. ಹತ್ತಿಯ ಮೇಲೆ ಕೆಲವೇ ತೊಟ್ಟು ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ಮುಚ್ಚಳವಿಟ್ಟು, ದಪ್ಪ ಅಕ್ಷರದಲ್ಲಿ ಹೆಸರಿನ ಕೆಳಗೆ ‘ಮೂಗಿಗೆ ಮಾತ್ರ’ ಎಂದು ಬರೆದು, ತನ್ನ ಮಗನ ಕೈಗೆಟುಕದ ಎತ್ತರದ ಕಪಾಟಿನಲ್ಲಿ ಬೀಗದೊಳಗಿಟ್ಟು, “ಅತ್ತೆ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ನಾನೇ ತೆಗೆದುಕೊಡುತ್ತೇನೆ” ಎಂದಳು.

ಒಂಬತ್ತನೆಯ ವಾರದ ಒಂದು ಸಂಜೆ ನನ್ನ ಪತ್ನಿ ಒಂದು ಸೀಸೆಯನ್ನು ಬಹಳ ಹೊತ್ತು ಹಿಡಿದಿದ್ದು, “ಇದು ಲವಂಗ ಅಲ್ಲವೇನೇ?” ಎಂದು ಕೇಳಿದಳು. ಲವಂಗವೇ ಆಗಿತ್ತು. ಎಲ್ಲ ವಾಸನೆಗಳೂ ಮರಳಿಲ್ಲ, ಎಲ್ಲರಿಗೂ ಮರಳುವುದೂ ಇಲ್ಲ. ಆದರೂ ಆ ಸಂಜೆ ನನಗೆ ನೆನಪಾದವರು ನನ್ನ ತಾಯಿ. ಅವರಲ್ಲಿ ಪ್ರೀತಿಗೆ ಎಂದೂ ಕೊರತೆಯಿರಲಿಲ್ಲ. ಬೇಕಾಗಿದ್ದದ್ದು ಬೇರೆ ಬಣ್ಣದ ಒಂದು ಮುಚ್ಚಳ, ಎತ್ತರದ ಒಂದು ಕಪಾಟು, ತಿಳಿದವನೊಬ್ಬನು ಹೊತ್ತಿಗೆ ಸರಿಯಾಗಿ ಹೇಳಬಹುದಾಗಿದ್ದ ನಾಲ್ಕು ಮಾತು. ಅಂದು ಹೇಳದೆಹೋದ ಆ ನಾಲ್ಕು ಮಾತುಗಳನ್ನು ಇಂದು ತಮ್ಮ ಮುಂದೆ ಹೇಳಿದ್ದೇನೆ. ಮನೆಗೆ ಹೋದೊಡನೆ ತಾವೆಲ್ಲರೂ ಒಮ್ಮೆ ತಮ್ಮ ತಮ್ಮ ಗೂಡುಗಳಲ್ಲಿರುವ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಬೇಕೆಂದು ಪ್ರಾರ್ಥಿಸುತ್ತೇನೆ.